ಕೋಚ್ ಇನ್ನೂ ಇಪ್ಪತ್ತು ಕಿಲೋ ಕೇಳುತ್ತಿದ್ದಾರೆ, ಮಗನನ್ನು ಆಡಲು ಬಿಡಬೇಕೇ?

ಪ್ರಶ್ನೆ: ಡಾಕ್ಟರೇ, ನಮ್ಮದು ದಾವಣಗೆರೆ ಕಡೆ. ಮಗ ಹುಟ್ಟಿದಾಗಿನಿಂದ ಡಲ್ಲಾಸ್ ಹತ್ತಿರ ನೆಲೆಸಿದ್ದೇವೆ. ಅವನಿಗೀಗ ಹದಿನಾರು ವರ್ಷ, ಎತ್ತರ ಆರು ಅಡಿ ಮೂರು ಅಂಗುಲ, ತೂಕ 108 ಕಿಲೋ. ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದ ಅಫೆನ್ಸಿವ್ ಲೈನ್‌ನಲ್ಲಿ, ಅಂದರೆ ಎದುರಾಳಿಗಳನ್ನು ತಡೆಯುವ ಮುಂಸಾಲಿನಲ್ಲಿ, ಗಾರ್ಡ್ ಆಗಿ ಆಡುತ್ತಾನೆ. ಮುಂದಿನ ಋತುವಿನೊಳಗೆ ಇಪ್ಪತ್ತು ಕಿಲೋ ಏರಿಸಿಕೊಂಡರೆ ಕಾಲೇಜಿನವರು ನೋಡಲು ಬರುತ್ತಾರೆ ಎಂದು ಕೋಚ್ ಹೇಳಿದ್ದಾರಂತೆ. ಅಂದಿನಿಂದ ದಿನಕ್ಕೆ ಆರು ಸಲ ಊಟ. ನಾವು ಸಸ್ಯಾಹಾರಿಗಳು. ಅವನು ಹೊರಗೆ ಮೊಟ್ಟೆ, ಕೋಳಿ ಶುರು ಮಾಡಿದ್ದಾನೆಂದು ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದೇನೆ. ಯಜಮಾನರು ‘ಆಟ ಬಿಡಿಸು, ಎಂಜಿನಿಯರಿಂಗ್ ಓದಲಿ’ ಎನ್ನುತ್ತಾರೆ. ಇವನಿಗೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಬಿಟ್ಟರೆ ಬೇರೆ ಮಾತಿಲ್ಲ. ಕಾಲು ಮುರಿದುಕೊಂಡರೆ ಗತಿ ಏನು? ನಮ್ಮವರ ದೇಹಕ್ಕೆ ಈ ಆಟ ಒಗ್ಗುತ್ತದೆಯೇ? ಹೋದ ತಿಂಗಳು ಒಂದು ಪಂದ್ಯವಾದ ಮೇಲೆ ಎರಡು ದಿನ ತಲೆನೋವು, ಬೆಳಕು ಕಂಡರೆ ಕಿರಿಕಿರಿ ಎನ್ನುತ್ತಿದ್ದ. ಕೋಚ್‌ಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಬಿಡಿಸಿಬಿಡಲೇ?

ಉತ್ತರ: ಮೊದಲು ತಲೆನೋವಿನ ಮಾತು. ಉಳಿದದ್ದೆಲ್ಲ ಆಮೇಲೆ.

ಮಗನಿಗೆ ಕೊಟ್ಟ ಮಾತನ್ನು ನೀವು ಮುರಿಯಬೇಕು, ಅದೂ ಈ ವಾರವೇ. ಪಂದ್ಯದ ನಂತರ ಎರಡು ದಿನ ತಲೆನೋವು, ಬೆಳಕು ಸಹಿಸಲಾಗದಿರುವುದು ಮಿದುಳು ಅಲುಗಿದ್ದರ ಲಕ್ಷಣ. ವೈದ್ಯರು ಇದನ್ನು ಕನ್‌ಕಷನ್ ಎನ್ನುತ್ತಾರೆ. ಪ್ರಜ್ಞೆ ತಪ್ಪಿದರೆ ಮಾತ್ರ ಕನ್‌ಕಷನ್ ಎಂಬುದು ಹಳೆಯ ನಂಬಿಕೆ. ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಒಂದು ಪೆಟ್ಟು ಮಾಯುವ ಮೊದಲೇ ಇನ್ನೊಂದು ಬಿದ್ದರೆ ಹದಿಹರೆಯದ ಮಿದುಳು ಹಠಾತ್ತನೆ ಊದಿಕೊಳ್ಳಬಹುದು. ಅಪರೂಪ, ಆದರೆ ಪ್ರಾಣಕ್ಕೆ ಎರವಾಗುವಂಥದ್ದು. ಟೆಕ್ಸಾಸ್‌ನಲ್ಲಿ 2011ರಿಂದ ಕಾನೂನೇ ಇದೆ: ಕನ್‌ಕಷನ್ ಶಂಕೆ ಬಂದ ವಿದ್ಯಾರ್ಥಿಯನ್ನು ಆಟದಿಂದ ಹೊರಗಿಡಬೇಕು, ವೈದ್ಯರ ಲಿಖಿತ ಒಪ್ಪಿಗೆ ಇಲ್ಲದೆ ಮತ್ತೆ ಇಳಿಸುವಂತಿಲ್ಲ. ಕೋಚ್‌ಗೆ ಹೇಳಲು ಸಂಕೋಚವಾದರೆ ಶಾಲೆಯ ಅಥ್ಲೆಟಿಕ್ ಟ್ರೇನರ್‌ಗೆ ಹೇಳಿ. ಮಗ ಎರಡು ದಿನ ಮುನಿಸಿಕೊಳ್ಳುತ್ತಾನೆ. ಮುನಿಸಿಕೊಳ್ಳಲಿ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ನಾನು ಕ್ರೀಡಾ ವೈದ್ಯ. ಶಾಲೆ ಮತ್ತು ಕಾಲೇಜು ತಂಡಗಳ ಅಂಚಿನಲ್ಲಿ ನಿಂತು ವರ್ಷಗಟ್ಟಲೆ ಈ ಹುಡುಗರ ಮೊಣಕಾಲು, ಭುಜ, ಬೆರಳು ನೋಡಿದವನು. ನಿಮ್ಮ ಮಗನಂತೆ ಮುಂಸಾಲಿನಲ್ಲಿ ಆಡುವ ಲೈನ್‌ಮನ್‌ಗಳ ಮೇಲೆ ನನಗೆ ಸ್ವಲ್ಪ ಹೆಚ್ಚೇ ಅಕ್ಕರೆ ಎಂಬುದನ್ನೂ ಮುಂಚಿತವಾಗಿ ಹೇಳಿಬಿಡುತ್ತೇನೆ. ಚೆಂಡು ಹಿಡಿದು ಓಡುವ ಭಾಗ್ಯ ಅವರಿಗಿಲ್ಲ, ಅಂಕಿ ಅಂಶದ ಪಟ್ಟಿಯಲ್ಲಿ ಅವರ ಕೆಲಸ ಕಾಣುವುದಿಲ್ಲ. ಇಡೀ ಕ್ರೀಡಾಂಗಣಕ್ಕೆ ಅವರ ಸಂಖ್ಯೆ ಕೇಳಿಸುವುದು ಎದುರಾಳಿಯ ಅಂಗಿ ಹಿಡಿದೆಳೆದು ತಂಡಕ್ಕೆ ಹತ್ತು ಗಜದ ದಂಡ ತಂದಾಗ ಮಾತ್ರ.

ಮಗ ಏನು ಮಾಡುತ್ತಾನೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಿ. ಐದು ಜನ ಸಾಲಾಗಿ ಬಾಗಿರುತ್ತಾರೆ: ನಡುವೆ ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಒಂದು ಕೈ ನೆಲದ ಮೇಲೆ, ಹಿಮ್ಮಡಿ ತುಸು ಎದ್ದಿರುತ್ತದೆ. ಸೆಂಟರ್ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟ ಕ್ಷಣವೇ ಎದುರಿನ ದೈತ್ಯ ಮುನ್ನುಗ್ಗುತ್ತಾನೆ. ಗಾರ್ಡ್ ಅರ್ಧ ಹೆಜ್ಜೆ ಹಿಂದಿಟ್ಟು, ಸೊಂಟ ತಗ್ಗಿಸಿ, ಎರಡೂ ಅಂಗೈಗಳನ್ನು ಅವನ ಎದೆಗೆ ಒಳಗಿನಿಂದ ಗುದ್ದಬೇಕು. ಕೈ ಒಂದು ಅಂಗುಲ ಹೊರಗೆ ಹೋದರೂ ಹಿಡಿತ ತಪ್ಪಿತು. ಮೂರು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಅದು ಒಂದು ಪಂದ್ಯದಲ್ಲಿ ಅರವತ್ತು ಎಪ್ಪತ್ತು ಸಲ ನಡೆಯುತ್ತದೆ, ಹೆಚ್ಚು ಕಡಿಮೆ ಪ್ರತಿ ಸಲವೂ ಮೈಗೆ ಮೈ ತಾಗುತ್ತದೆ, ಎಷ್ಟೋ ಸಲ ಹೆಲ್ಮೆಟ್‌ಗೆ ಹೆಲ್ಮೆಟ್.

ನೀವು ಹೆದರುತ್ತಿರುವುದು ಕಾಲು ಮುರಿಯುವುದಕ್ಕೆ. ಆ ಭಯ ಸುಳ್ಳಲ್ಲ. ಪಕ್ಕದಲ್ಲಿ ಬಿದ್ದ ಆಟಗಾರ ಉರುಳಿಕೊಂಡು ಬಂದು ಮೊಣಕಾಲಿಗೆ ತಾಗಿ ಒಳಬದಿಯ ಅಸ್ಥಿರಜ್ಜು ಹರಿಯುವುದು ಲೈನ್‌ಮನ್‌ಗಳ ಹಳೆಯ ಕಾಯಿಲೆ. ಅನೇಕರು ಗಟ್ಟಿ ಪಟ್ಟಿಯ ಕಾಪು ಕಟ್ಟಿಕೊಂಡೇ ಆಡುತ್ತಾರೆ. ಪಾದದ ಕೀಲು, ಭುಜ, ಸೊಂಟದ ಡಿಸ್ಕ್ ಎಲ್ಲಕ್ಕೂ ಪೆಟ್ಟಾಗುತ್ತದೆ. ನಿವೃತ್ತರ ಕೈಕುಲುಕಿದರೆ ಬೆರಳುಗಳು ಬೇರೆ ಬೇರೆ ದಿಕ್ಕಿಗೆ ಹೊರಳಿರುವುದು ಅಂಗೈಗೇ ಗೊತ್ತಾಗುತ್ತದೆ. ಆದರೆ ಇವುಗಳಲ್ಲಿ ಬಹುಪಾಲನ್ನು ನಾವು ಹೊಲಿಯಬಲ್ಲೆವು, ಕಟ್ಟಬಲ್ಲೆವು, ನಡೆಸಬಲ್ಲೆವು. ಈ ವೃತ್ತಿ ನಿಜವಾದ ಬೆಲೆಯನ್ನು ವಸೂಲಿ ಮಾಡುವುದು ಬೇರೆ ಎರಡು ಕಡೆ: ಏರಿಸಿಕೊಂಡ ತೂಕದಲ್ಲಿ, ಯಾರೂ ಲೆಕ್ಕ ಇಡದ ಸಣ್ಣ ಸಣ್ಣ ಪೆಟ್ಟುಗಳಲ್ಲಿ. ನಿಮ್ಮ ಮನೆಯಲ್ಲಿ ಈ ಎರಡೂ ಈಗಲೇ ಶುರುವಾಗಿವೆ, ಎನ್‌ಎಫ್‌ಎಲ್‌ಗೆ ಕಾಯದೆ.

ತೂಕ ಏಕೆ ಇಷ್ಟು ಮುಖ್ಯವಾಯಿತು? ಮೊದಲು ಹೀಗಿರಲಿಲ್ಲ. 1970ರ ದಶಕದಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ನಾಲ್ಕು ಸಲ ಗೆದ್ದಾಗ ಅವರ ಸೆಂಟರ್ ಮೈಕ್ ವೆಬ್‌ಸ್ಟರ್‌ನ ತೂಕ ಸುಮಾರು 116 ಕಿಲೋ. ನಿಮ್ಮ ಮಗನಿಗಿಂತ ಎಂಟು ಕಿಲೋ ಜಾಸ್ತಿ, ಅಷ್ಟೇ. 1978ರಲ್ಲಿ ನಿಯಮ ಬದಲಾಯಿತು. ಚೆಂಡು ಎಸೆಯುವ ಆಟಕ್ಕೆ ಉತ್ತೇಜನ ಕೊಡಲು ಲೈನ್‌ಮನ್‌ಗಳು ತೋಳು ಚಾಚಿ ತೆರೆದ ಅಂಗೈಯಿಂದ ತಡೆಯಬಹುದು ಎಂದಾಯಿತು. ಅಲ್ಲಿಂದ ನಿಂತಲ್ಲೇ ಗೋಡೆಯಾಗಬಲ್ಲ, ಉದ್ದ ತೋಳಿನ, ಭಾರದ ಹುಡುಗರಿಗೆ ಬೆಲೆ ಬಂತು. 1980ರ ದಶಕದಲ್ಲಿ ವಾಷಿಂಗ್ಟನ್ ತಂಡದ ದಢೂತಿ ಲೈನ್‌ಗೆ ‘ಹಾಗ್ಸ್’ ಎಂಬ ಅಡ್ಡಹೆಸರೇ ಬಿದ್ದು, ಅದು ಬಿರುದಿನಂತೆ ಮೆರೆಯಿತು. ಇಂದು ಎನ್‌ಎಫ್‌ಎಲ್‌ನ ಲೈನ್‌ಮನ್ ಸರಾಸರಿ 140 ಕಿಲೋ ದಾಟಿದ್ದಾನೆ. ಕಾಲೇಜು ಅದನ್ನು ನೋಡಿ ನಡೆಯುತ್ತದೆ, ಶಾಲೆ ಕಾಲೇಜನ್ನು ನೋಡಿ ನಡೆಯುತ್ತದೆ. ನಿಮ್ಮ ಮಗನ ಕೋಚ್ ಕೆಟ್ಟವರಲ್ಲ. ಆ ಸರಪಳಿಯ ಕೊನೆಯ ಕೊಂಡಿ ಅವರು.

ಈಗ ‘ನಮ್ಮವರ ದೇಹ’ದ ಮಾತು. ಭಾರತೀಯ ಮೂಲದವರು ಈ ಆಟದಲ್ಲಿ ಆಗಿಬರುವುದಿಲ್ಲ ಎಂಬುದನ್ನು ತಲೆಯಿಂದ ತೆಗೆದುಹಾಕಿ. ಫಿಜಿಯಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಬಾಬಿ ಸಿಂಗ್ ಅಫೆನ್ಸಿವ್ ಗಾರ್ಡ್ ಆಗಿದ್ದವರು. 1999ರ ಋತುವಿನಲ್ಲಿ ಸೂಪರ್ ಬೌಲ್ ಗೆದ್ದ ಸೇಂಟ್ ಲೂಯಿ ರ್‍ಯಾಮ್ಸ್ ತಂಡದೊಂದಿಗಿದ್ದರು, ಮುಂದೆ ಕೆನಡಾದ ಲೀಗ್‌ನಲ್ಲಿ ಗ್ರೇ ಕಪ್ ಗೆದ್ದರು. ಶಕ್ತಿಗೆ ಕೊರತೆಯಿಲ್ಲ. ತೊಡಕಿರುವುದು ಕೊಬ್ಬನ್ನು ನಮ್ಮ ದೇಹ ಎಲ್ಲಿಡುತ್ತದೆ ಎಂಬುದರಲ್ಲಿ. ದಕ್ಷಿಣ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಒಳಗೆ, ಯಕೃತ್ತಿನ ಸುತ್ತ ಕೊಬ್ಬು ಕೂರುತ್ತದೆ. ಮಧುಮೇಹ, ಹೃದ್ರೋಗ ಬೇಗ ಬರುತ್ತವೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಏಷ್ಯಾದ ವಯಸ್ಕರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23 ಮತ್ತು 27.5ರಲ್ಲೇ ಎಚ್ಚರಿಕೆಯ ಗೆರೆಗಳನ್ನು ಎಳೆದರು. ನಿಮ್ಮ ಮಗನದು ಈಗಲೇ ಸುಮಾರು 30. ಇಪ್ಪತ್ತು ಕಿಲೋ ಸೇರಿದರೆ 35. ಸ್ನಾಯು ತುಂಬಿದ ಆಟಗಾರನಿಗೆ ಬಿಎಂಐ ಒಳ್ಳೆಯ ಅಳತೆಗೋಲಲ್ಲ, ಒಪ್ಪುತ್ತೇನೆ. ಹಾಗಾದರೆ ಟೇಪು ತೆಗೆದುಕೊಂಡು ಹೊಕ್ಕುಳಿನ ಮಟ್ಟದಲ್ಲಿ ಸೊಂಟ ಅಳೆಯಿರಿ. ಎತ್ತರದ ಅರ್ಧಕ್ಕಿಂತ, ಅಂದರೆ ಅವನಿಗೆ 95 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಏರುತ್ತಿರುವುದು ಸ್ನಾಯು ಎಂದು ಸುಮ್ಮನೆ ನಂಬಬೇಡಿ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು. ‘ಎನ್‌ಎಫ್‌ಎಲ್ ಆಟಗಾರರು ಐವತ್ತಕ್ಕೇ ಸಾಯುತ್ತಾರೆ’ ಎಂದು ಯಾರಾದರೂ ನಿಮಗೆ ಹೇಳಿಯೇ ಇರುತ್ತಾರೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಯೋಷ್ ಮಾಜಿ ಆಟಗಾರರ ಸಾವುಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕಂಡದ್ದು ಇದಕ್ಕೆ ವಿರುದ್ಧ: ಒಟ್ಟಾರೆ ಅವರ ಆಯುಸ್ಸು ಅದೇ ವಯಸ್ಸಿನ ಸಾಮಾನ್ಯ ಗಂಡಸರಿಗಿಂತ ಚೆನ್ನಾಗಿಯೇ ಇದೆ. ಆದರೆ ಆಡುವ ದಿನಗಳಲ್ಲಿ ಬಿಎಂಐ 30 ದಾಟಿದ್ದವರು ಹೃದ್ರೋಗದಿಂದ ಸಾಯುವ ಸಂಭವ ಉಳಿದ ಆಟಗಾರರಿಗಿಂತ ಎರಡರಷ್ಟಿತ್ತು. ಇಂದಿನ ಲೈನ್‌ಮನ್‌ಗಳಲ್ಲಿ ಆ ಗೆರೆಯ ಕೆಳಗಿರುವವರು ಸಿಗುವುದೇ ಇಲ್ಲ.

ಏರಿಸಿದ ತೂಕ ಇಳಿಯುತ್ತದೆಯೇ? ಇಳಿಯುತ್ತದೆ, ಇಳಿಸುವ ಮನಸ್ಸಿದ್ದವರಿಗೆ. ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಲೆಫ್ಟ್ ಟ್ಯಾಕಲ್ ಜೋ ಥಾಮಸ್ 2007ರಿಂದ ಒಂದೇ ಒಂದು ಸರದಿಯನ್ನೂ, ಅಂದರೆ ಮೇಲೆ ಹೇಳಿದ ಆ ಮೂರು ಸೆಕೆಂಡಿನ ಹೋರಾಟವನ್ನು, ತಪ್ಪಿಸದೆ 10,363 ಸರದಿ ಆಡಿದರು. 2017ರಲ್ಲಿ ತೋಳಿನ ಹಿಂಬದಿಯ ಸ್ನಾಯು ಹರಿದಾಗಲೇ ಆ ಓಟ ನಿಂತದ್ದು. ನಿವೃತ್ತಿಯ ನಂತರ ಅವರು ಇಪ್ಪತ್ತು ಕಿಲೋಗೂ ಹೆಚ್ಚು ಇಳಿಸಿ ಗುರುತೇ ಸಿಗದಂತಾದರು. ಅವರು ಆಡುವಾಗ ಹಸಿವಿಗಾಗಿ ತಿನ್ನುತ್ತಿರಲಿಲ್ಲ, ತೂಕ ಉಳಿಸಿಕೊಳ್ಳುವ ಕರ್ತವ್ಯಕ್ಕಾಗಿ ತಿನ್ನುತ್ತಿದ್ದರು. ಆಟ ನಿಂತರೂ ತಟ್ಟೆ ಕುಗ್ಗದವರ ಕಥೆ ಬೇರೆ; ಅವರನ್ನು ನಾನು ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗಳೊಂದಿಗೆ ನೋಡುತ್ತೇನೆ.

ಇನ್ನು ಸಣ್ಣ ಪೆಟ್ಟುಗಳು. ಥಾಮಸ್ ಅವರ ಆ ಹತ್ತು ಸಾವಿರದ ಲೆಕ್ಕವನ್ನು ಈಗ ಇನ್ನೊಂದು ಬದಿಯಿಂದ ನೋಡಿ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ. ಬುರುಡೆಯೊಳಗೆ ಮಿದುಳು ಕುಲುಕುವುದನ್ನು ಅದು ತಡೆಯಲಾರದು. ನಾನು ಮೇಲೆ ಹೇಳಿದ ಮೈಕ್ ವೆಬ್‌ಸ್ಟರ್ ಹದಿನೇಳು ಋತು ಆಡಿದರು. ನಿವೃತ್ತಿಯ ನಂತರ ಮರೆವು, ಗೊಂದಲ, ಮನೆಯಿಲ್ಲದ ಅಲೆದಾಟ. 2002ರಲ್ಲಿ ಐವತ್ತನೇ ವಯಸ್ಸಿಗೆ ತೀರಿಕೊಂಡರು. ಅವರ ಮಿದುಳನ್ನು ಪರೀಕ್ಷಿಸಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು, ಹಿಂದೆ ಬಾಕ್ಸರ್‌ಗಳಲ್ಲಿ ಕಂಡಂಥ ಹಾನಿಯನ್ನು ಗುರುತಿಸಿ 2005ರಲ್ಲಿ ಪ್ರಕಟಿಸಿದರು. ಪದೇ ಪದೇ ಪೆಟ್ಟು ತಿಂದ ಮಿದುಳಿನ ಈ ರೋಗವನ್ನೇ ಇಂದು ಎಲ್ಲರೂ ಸಿಟಿಇ ಎನ್ನುತ್ತಾರೆ. ವೆಬ್‌ಸ್ಟರ್ ಇಂದಿನ ಅಳತೆಯಲ್ಲಿ ಹಗುರ ಮನುಷ್ಯ ಎಂಬುದನ್ನು ಗಮನಿಸಿ. ತೂಕ ಒಂದು ಸಾಲ, ಪೆಟ್ಟು ಇನ್ನೊಂದು.

2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು 111 ಎನ್‌ಎಫ್‌ಎಲ್ ಆಟಗಾರರ ಮಿದುಳು ನೋಡಿ 110ರಲ್ಲಿ ಸಿಟಿಇ ಕಂಡರು. ಈ ಸಂಖ್ಯೆಯನ್ನು ಕೇಳಿ ಯಜಮಾನರು ಬೆಚ್ಚಿಬೀಳಬಹುದು. ಆದರೆ ಅವು ಹೆಚ್ಚಾಗಿ ತೊಂದರೆ ಕಂಡ ಕುಟುಂಬಗಳು ದಾನ ಕೊಟ್ಟ ಮಿದುಳುಗಳು; ನೂರಕ್ಕೆ ತೊಂಬತ್ತೊಂಬತ್ತು ಆಟಗಾರರಿಗೆ ಈ ರೋಗ ಎಂದು ಅದರಿಂದ ಹೇಳಲಾಗದು. ನಿಮಗೆ ಹೆಚ್ಚು ಸಂಬಂಧಿಸಿದ ಸಂಖ್ಯೆ ಅದೇ ಅಧ್ಯಯನದ ಕೆಳಸಾಲಿನಲ್ಲಿದೆ: ಹೈಸ್ಕೂಲ್‌ವರೆಗೆ ಮಾತ್ರ ಆಡಿದ 14 ಜನರಲ್ಲಿ ಮೂವರಿಗೆ, ಕಾಲೇಜುವರೆಗೆ ಆಡಿದ 53ರಲ್ಲಿ 48 ಜನರಿಗೆ ಇತ್ತು. ಅದೇ ತಂಡದ ನಂತರದ ಲೆಕ್ಕದ ಪ್ರಕಾರ ಆಡಿದ ಪ್ರತಿ ವರ್ಷಕ್ಕೂ ಸಿಟಿಇ ಸಂಭವ ಸುಮಾರು ಶೇಕಡ 30ರಷ್ಟು ಏರುತ್ತದೆ. ಎಷ್ಟು ಕನ್‌ಕಷನ್ ಆಯಿತು ಎನ್ನುವುದಕ್ಕಿಂತ ಎಷ್ಟು ವರ್ಷ ಪೆಟ್ಟು ತಿಂದ ಎನ್ನುವುದು ಮುಖ್ಯ. ಈ ರೋಗ ಖಚಿತವಾಗುವುದು ಸತ್ತ ಮೇಲೆಯೇ. ಬದುಕಿರುವವರಿಗೆ ಇದ್ದೇ ಇದೆ ಎಂದು ಹೇಳುವ ಪರೀಕ್ಷೆ ನನ್ನ ಕ್ಲಿನಿಕ್‌ನಲ್ಲಿಯೂ ಇಲ್ಲ, ಬೇರೆಲ್ಲಿಯೂ ಇಲ್ಲ.

ಮಗನ ಕನಸಿನ ಬಗ್ಗೆ ಈಗ ಎರಡು ಮಾತು, ಅವನಿಗೇ ಓದಿಸಿ. ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಹುಡುಗರು ಹೈಸ್ಕೂಲ್ ಫುಟ್‌ಬಾಲ್ ಆಡುತ್ತಾರೆ. ಅವರಲ್ಲಿ ಕಾಲೇಜು ತಂಡ ಸೇರುವವರು ನೂರಕ್ಕೆ ಏಳು. ಹಾಗೆ ಆಡಿ, ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಅರ್ಹರಾದವರಲ್ಲಿ ಆಯ್ಕೆಯಾಗುವವರು ನೂರಕ್ಕೆ ಎರಡೂ ಇಲ್ಲ. ಆಯ್ಕೆಯಾದರೂ ಆಗಸ್ಟ್ ಕೊನೆಗೆ ತಂಡವನ್ನು 90ರಿಂದ 53ಕ್ಕೆ ಇಳಿಸುತ್ತಾರೆ. ಅದರಲ್ಲಿ ಅಫೆನ್ಸಿವ್ ಲೈನ್‌ಮನ್‌ಗಳು ಎಂಟೊಂಬತ್ತು ಮಂದಿ. 32 ತಂಡಕ್ಕೆ ಲೆಕ್ಕ ಹಾಕಿದರೆ ಇಡೀ ದೇಶಕ್ಕೆ ಮುನ್ನೂರು ಕುರ್ಚಿಯೂ ಇಲ್ಲ. ಆಟಗಾರರ ಸಂಘ ವರ್ಷಗಳಿಂದ ಹೇಳುತ್ತ ಬಂದ ಸರಾಸರಿ ವೃತ್ತಿಜೀವನ 3.3 ವರ್ಷ. ಪಿಂಚಣಿಗೆ ಬೇಕಾದದ್ದು ಮೂರು ಋತು. ಡೆಟ್ರಾಯಿಟ್ ಲಯನ್ಸ್‌ನ ಟ್ಯಾಕಲ್ ಪೆನೆ ಸೂಎಲ್ 2024ರಲ್ಲಿ ನಾಲ್ಕು ವರ್ಷಕ್ಕೆ 11.2 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದ್ದು ನಿಜ, ಹೊಸಬನ ಕನಿಷ್ಠ ಸಂಬಳ 2025ರಲ್ಲಿ 8.4 ಲಕ್ಷ ಡಾಲರ್ ಎಂಬುದೂ ನಿಜ. ಆದರೆ ಒಪ್ಪಂದದ ಎಲ್ಲ ಹಣವೂ ಖಾತರಿಯಲ್ಲ. ಮಂಗಳವಾರ ಕೈಬಿಟ್ಟರೆ ಬುಧವಾರದಿಂದ ಸಂಬಳವಿಲ್ಲದವರೇ ಹೆಚ್ಚು.

ಹಾಗೆಂದು ಕನಸನ್ನು ಗೇಲಿ ಮಾಡಬೇಡಿ. ಬದಲಿಗೆ ಅವನಿಗೆ ಆತುರ ಬೇಡವೆಂದು ತೋರಿಸಿಕೊಡಿ, ಅದಕ್ಕೆ ಬೇಕಾದಷ್ಟು ಉದಾಹರಣೆಗಳಿವೆ. ಫಿಲಡೆಲ್ಫಿಯಾ ಈಗಲ್ಸ್‌ನ ಸೆಂಟರ್ ಆಗಿದ್ದ ಜೇಸನ್ ಕೆಲ್ಸಿ ನಿಮ್ಮ ಮಗನಷ್ಟೇ ಎತ್ತರ. ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿವೇತನವೂ ಇಲ್ಲದೆ, ಬೇರೆ ಸ್ಥಾನದ ಆಟಗಾರನಾಗಿ ಹೋದವರು. ಲೈನ್‌ಗೆ ಬಂದದ್ದು ಅಲ್ಲಿ. 2011ರ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ ಆಯ್ಕೆಯಾಗಿ, 134 ಕಿಲೋ ಆಸುಪಾಸಿನಲ್ಲಿ, ಅಂದರೆ ಲೈನ್‌ಮನ್‌ಗಳಲ್ಲಿ ಸಣಕಲ ಎನಿಸಿಕೊಂಡೇ ಹದಿಮೂರು ಋತು ಆಡಿದರು. ಅದೇ ತಂಡದ ಜೋರ್ಡನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಹುಡುಗ. 2018ರಲ್ಲಿ ಆಯ್ಕೆಯಾಗುವವರೆಗೆ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನೇ ಆಡಿರಲಿಲ್ಲ. ಹದಿನಾರರಲ್ಲಿ 128 ಕಿಲೋ ಆಗದಿದ್ದರೆ ಬಾಗಿಲು ಮುಚ್ಚಿತು ಎನ್ನುವವರಿಗೆ ಈ ಇಬ್ಬರನ್ನು ತೋರಿಸಿ. ಎಳೆಯ ಲೈನ್‌ಮನ್‌ನಲ್ಲಿ ಕಾಲೇಜಿನವರು ಹುಡುಕುವುದು ಚುರುಕು ಕಾಲು, ಬಾಗುವ ಸೊಂಟ, ಉದ್ದ ತೋಳು. ಭಾರವನ್ನು ಅವರೇ ತಮ್ಮ ಅಡುಗೆಮನೆಯಲ್ಲಿ ಹಾಕಿಸಿಕೊಳ್ಳುತ್ತಾರೆ.

ಯಜಮಾನರಿಗೂ ಒಂದು ಉದಾಹರಣೆ: ಬಾಲ್ಟಿಮೋರ್ ರೇವನ್ಸ್‌ನ ಗಾರ್ಡ್ ಆಗಿದ್ದ ಜಾನ್ ಅರ್ಷಲ್ ಆಡುತ್ತಿರುವಾಗಲೇ ಎಂಐಟಿಯಲ್ಲಿ ಗಣಿತದ ಪಿಎಚ್‌ಡಿ ಮಾಡುತ್ತಿದ್ದರು. ಆಟವೋ ಓದೋ ಎಂಬ ಹಂಚಿಕೆ ಅಷ್ಟು ಕಡ್ಡಾಯವಲ್ಲ. ಆದರೆ ಕಥೆಯ ಉಳಿದರ್ಧವನ್ನೂ ಹೇಳಬೇಕು: 2015ರಲ್ಲಿ ಕನ್‌ಕಷನ್ ಆದಾಗ ಸ್ವಲ್ಪ ಕಾಲ ಉನ್ನತ ಗಣಿತ ಕೈಗೆ ಹತ್ತಲಿಲ್ಲ ಎಂದು ಅವರೇ ಹೇಳಿದ್ದಾರೆ. 2017ರ ಬಾಸ್ಟನ್ ಅಧ್ಯಯನ ಹೊರಬಿದ್ದ ಎರಡೇ ದಿನಕ್ಕೆ, ಮೂರು ಋತು ಮುಗಿಸಿ, ಇಪ್ಪತ್ತಾರಕ್ಕೆ ನಿವೃತ್ತರಾದರು. ಈಗ ಎಂಐಟಿಯಲ್ಲೇ ಪ್ರಾಧ್ಯಾಪಕರು.

ಹಾಗಾದರೆ ನಿಮ್ಮ ಮುಂದೆ ಏನೇನಿದೆ? ಈಗಲೇ ಬಿಡಿಸಬಹುದು. ತಲೆಗೆ ಅದು ಅತ್ಯಂತ ಕ್ಷೇಮ. ಆದರೆ 108 ಕಿಲೋದ, ಆರು ಊಟಕ್ಕೆ ಒಗ್ಗಿದ, ಗೆಳೆಯರ ಗುಂಪು ಕಳೆದುಕೊಂಡ ಹುಡುಗ ಸೋಫಾದ ಮೇಲೆ ಕುಳಿತರೆ ಅದೂ ಒಂದು ಕಾಯಿಲೆಯೇ; ಬಿಡಿಸುವುದಾದರೆ ಗುಂಡು ಎಸೆತ, ಡಿಸ್ಕಸ್‌ನಂಥ ಇನ್ನೊಂದು ಆಟವನ್ನು ಅದೇ ದಿನ ಕೈಗೆ ಕೊಡಿ. ಇನ್ನೊಂದು ತುದಿಯಲ್ಲಿ ಕೋಚ್ ಹೇಳಿದಂತೆ ಇಪ್ಪತ್ತು ಕಿಲೋ ಏರಿಸುವುದು. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ವರ್ಷದೊಳಗೆ ಅಷ್ಟು ಏರಿದರೆ ಅದರಲ್ಲಿ ದೊಡ್ಡ ಪಾಲು ಕೊಬ್ಬೇ ಇರುತ್ತದೆ, ಅವಸರದವರ ಮುಂದೆ ಸ್ಟೀರಾಯ್ಡ್ ಮಾರುವವರೂ ಬಂದು ನಿಲ್ಲುತ್ತಾರೆ. ಸ್ಟೀಲರ್ಸ್‌ನ ಗಾರ್ಡ್ ಆಗಿದ್ದ ಸ್ಟೀವ್ ಕರ್ಸನ್ ತಾನು ಸ್ಟೀರಾಯ್ಡ್ ತೆಗೆದುಕೊಂಡದ್ದನ್ನು 1985ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಮುಂದೆ ಅವರ ಹೃದಯದ ಸ್ನಾಯು ಸೋತಿತು.

ನನ್ನ ಮಗನಾಗಿದ್ದರೆ ನಡುವಿನ ದಾರಿ ಹಿಡಿಯುತ್ತಿದ್ದೆ. ವೈದ್ಯರು ಒಪ್ಪಿದ ಮೇಲೆ ಹೈಸ್ಕೂಲ್ ಮುಗಿಯುವವರೆಗೆ ಆಡಲಿ, ಷರತ್ತುಗಳ ಮೇಲೆ. ತೂಕ ತಿಂಗಳಿಗೆ ಒಂದು ಕಿಲೋಗಿಂತ ವೇಗವಾಗಿ ಏರಬಾರದು, ಸೊಂಟದ ಟೇಪು ನಿಂತಲ್ಲೇ ನಿಲ್ಲಬೇಕು. ಇಂದೇ ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶ, ಯಕೃತ್ತಿನ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದ್ರೋಗ ಬಂದವರಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ. ತಿನ್ನುವ ವಿಷಯದಲ್ಲಿ ಅನ್ನದ ಗುಡ್ಡೆ ಕಡಿಮೆ ಮಾಡಿ ಬೇಳೆ, ಕಾಳು, ಪನೀರ್, ಗಟ್ಟಿ ಮೊಸರು, ಸೋಯಾ ಹೆಚ್ಚಿಸಿ. ಸಸ್ಯಾಹಾರದಲ್ಲೂ ಸ್ನಾಯು ಬೆಳೆಯುತ್ತದೆ. ಹೊರಗೆ ಕದ್ದು ತಿನ್ನುವ ಮೊಟ್ಟೆಯ ಬಗ್ಗೆ ನಿರ್ಧಾರ ನಿಮ್ಮ ಮನೆಗೆ ಸೇರಿದ್ದು, ಆದರೆ ಕದ್ದು ತಿನ್ನುವವನು ತಲೆನೋವನ್ನೂ ಕದ್ದೇ ಸಹಿಸುತ್ತಾನೆ. ಅದೊಂದನ್ನು ಬಹಿರಂಗ ಮಾಡಿಬಿಟ್ಟರೆ ಇನ್ನೊಂದೂ ಸುಲಭವಾಗುತ್ತದೆ.

ಪೆಟ್ಟು ಕಡಿಮೆ ಮಾಡುವ ದಾರಿ ಅಭ್ಯಾಸದಲ್ಲಿದೆ. ವೃತ್ತಿಪರರೇ 2011ರ ಒಪ್ಪಂದದಲ್ಲಿ ಋತುವಿನ ನಡುವಿನ ಪೂರ್ಣ ಕವಚದ ಅಭ್ಯಾಸವನ್ನು ಇಡೀ ಋತುವಿಗೆ 14ಕ್ಕೆ ಇಳಿಸಿಕೊಂಡರು. ಟೆಕ್ಸಾಸ್ ಶಾಲೆಗಳಲ್ಲಿ ಋತುವಿನ ವೇಳೆ ಒಬ್ಬ ಹುಡುಗನಿಗೆ ವಾರಕ್ಕೆ 90 ನಿಮಿಷಕ್ಕಿಂತ ಹೆಚ್ಚು ಪೂರ್ಣ ಸಂಘರ್ಷದ ಅಭ್ಯಾಸ ಕೊಡುವಂತಿಲ್ಲ. ಅದನ್ನು ಪಾಲಿಸುತ್ತೀರಾ ಎಂದು ಕೋಚ್‌ರನ್ನು ಕೇಳುವುದು ನಿಮ್ಮ ಹಕ್ಕು. ಎರಡನೇ ಕನ್‌ಕಷನ್ ಆದರೆ ಆಟ ನಿಲ್ಲುತ್ತದೆ ಎಂಬುದನ್ನು ಮಗನ ಜೊತೆ ಈಗಲೇ ಮಾತಾಡಿ ಇಟ್ಟುಕೊಳ್ಳಿ. ಆ ದಿನ ಮಾತಾಡಿದರೆ ಜಗಳವಾಗುತ್ತದೆ. ಕಾಲೇಜಿನಲ್ಲಿ ಮುಂದುವರಿಯಬೇಕೇ ಎಂಬುದು ಹದಿನೆಂಟಕ್ಕೆ ಎದ್ದೇಳುವ ಬೇರೆಯೇ ಪ್ರಶ್ನೆ. ಆಗ ಅವನ ಅಂಕ, ಅವನ ಸೊಂಟ, ಅವನ ತಲೆ ಮೂರನ್ನೂ ಮುಂದಿಟ್ಟುಕೊಂಡು ಕೂರೋಣ. ಕಾಲೇಜು ಕ್ರೀಡೆಯ ಮೇಲಿನ ಹಂತವಾದ ಡಿವಿಷನ್ ಒಂದರ ಕಾಲೇಜುಗಳು 16 ಮುಖ್ಯ ವಿಷಯಗಳಲ್ಲಿ ನಾಲ್ಕಕ್ಕೆ ಕನಿಷ್ಠ 2.3 ಸರಾಸರಿ ಕೇಳುತ್ತವೆ, ಆದ್ದರಿಂದ ಓದನ್ನು ಬದಿಗಿಡುವ ಪ್ರಶ್ನೆ ಹೇಗೂ ಇಲ್ಲ.

ಕೊನೆಯದಾಗಿ, ನೀವು ಕೇಳದೇ ಇದ್ದ ಆದರೆ ನಾನು ಹೆಚ್ಚು ಹೆದರುವ ಸಂಗತಿ: ಟೆಕ್ಸಾಸ್‌ನ ಆಗಸ್ಟ್. ಮಿನೆಸೋಟ ವೈಕಿಂಗ್ಸ್‌ನ ಟ್ಯಾಕಲ್ ಕೋರಿ ಸ್ಟ್ರಿಂಗರ್ 2001ರ ಆಗಸ್ಟ್ 1ರಂದು, ಇಪ್ಪತ್ತೇಳನೇ ವಯಸ್ಸಿನಲ್ಲಿ, ಅಭ್ಯಾಸ ಶಿಬಿರದ ಬಿಸಿಲಿನ ಆಘಾತದಿಂದ ತೀರಿಕೊಂಡರು. ಭಾರದ ದೇಹ ಶಾಖವನ್ನು ನಿಧಾನವಾಗಿ ಬಿಡುತ್ತದೆ, ಮೇಲೆ ಹೆಲ್ಮೆಟ್ಟು, ಕವಚ. ಮೊದಲ ಎರಡು ವಾರ ಅಭ್ಯಾಸ ಹಂತಹಂತವಾಗಿ ಏರಬೇಕು. ಹುಡುಗ ತಡವರಿಸಿದರೆ, ಅಸಂಬದ್ಧ ಮಾತಾಡಿದರೆ ಮೊದಲು ಮಂಜುಗಡ್ಡೆಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಂಪು ಮಾಡಬೇಕು, ಆಂಬ್ಯುಲೆನ್ಸ್‌ನಲ್ಲಿ ಸಾಗಿಸುವುದು ಅದರ ನಂತರ. ಜುಲೈ ಕೊನೆಯಲ್ಲಿ ಒಂದು ಸಂಜೆ ಮೈದಾನಕ್ಕೆ ಹೋಗಿ ಟ್ರೇನರ್‌ರನ್ನು ಕೇಳಿ: ತೊಟ್ಟಿ ಎಲ್ಲಿದೆ, ಮಂಜುಗಡ್ಡೆ ಎಲ್ಲಿದೆ, ಯಾರು ಇರುತ್ತಾರೆ? ತೊಟ್ಟಿಯನ್ನು ಬೆರಳು ಮಾಡಿ ತೋರಿಸಲಾಗದಿದ್ದರೆ ಅದು ಬರುವವರೆಗೆ ಮಗನನ್ನು ಅಭ್ಯಾಸಕ್ಕೆ ಕಳಿಸಬೇಡಿ.